ಎರಡನೇ ಕಾರ್ನರ್ ಯಾರು?

ಪುತ್ತೂರು, ಸುಳ್ಯ, ಕಡಬದ ಕಡೆ ಯಾವುದಾದರೂ ಹೋಟೆಲಲ್ಲಿ ಚಾ ಕುಡಿಯುತ್ತಾ ಕೂತವರನ್ನು ‘ಪ್ರೊ ಕಬಡ್ಡಿಯಲ್ಲಿ ಆಡಿದ ನಮ್ಮವರು ಯಾರು?’ ಅಂತ ಕೇಳಿ ನೋಡಿ. ಮೊದಲು ಬರುವ ಹೆಸರು ಪ್ರಶಾಂತ್ ಕುಮಾರ್ ರೈ. ನಮ್ಮ ಪುತ್ತೂರಿನವರು. 2018ರ ಹರಾಜಿನಲ್ಲಿ ಯುಪಿ ಯೋಧಾ ತಂಡ 79 ಲಕ್ಷ ರೂಪಾಯಿ ಕೊಟ್ಟು ತೆಗೆದುಕೊಂಡದ್ದು ಇವರನ್ನೇ. ಎಂಟನೇ ಸೀಸನ್ನಿನಲ್ಲಿ ಪಟ್ನಾ ಪೈರೇಟ್ಸ್ ನಾಯಕರಾಗಿ ಫೈನಲ್‌ವರೆಗೆ ಹೋಗಿ, ದಬಾಂಗ್ ಡೆಲ್ಲಿ ಎದುರು 36-37ರಲ್ಲಿ, ಒಂದೇ ಒಂದು ಅಂಕದಲ್ಲಿ ಕಪ್ ತಪ್ಪಿದ್ದೂ ಇವರಿಗೇ. ಸ್ವಲ್ಪ ಆಚೆ ಕಾರ್ಕಳದ ಕಡೆಗೆ ಹೋದರೆ ಸುಕೇಶ್ ಹೆಗ್ಡೆ, 2017ರಲ್ಲಿ ಗುಜರಾತ್ ತಂಡದ ನಾಯಕ. ಇನ್ನೂ ಸ್ವಲ್ಪ ಎಳೆದು ಲೆಕ್ಕ ಹಾಕುವವರು, ಮುಂಬಯಿಯಲ್ಲೇ ಬೆಳೆದರೂ ಹೆಸರಿನಲ್ಲಿ ಕರಾವಳಿಯನ್ನು ಉಳಿಸಿಕೊಂಡ ರಿಶಾಂಕ್ ದೇವಾಡಿಗರನ್ನೂ ಸೇರಿಸುತ್ತಾರೆ.

ಮೂವರೂ ರೈಡರ್‌ಗಳು.

ಈಗ ಅದೇ ಬೆಂಚಿನವರಿಗೆ ಎರಡನೇ ಪ್ರಶ್ನೆ ಕೇಳಿ: ‘ಕಾರ್ನರ್ ಯಾರು?’ ಚಾ ಗ್ಲಾಸ್ ಕೆಳಗಿಟ್ಟು ಯೋಚನೆ ಮಾಡ್ತಾರೆ. ಆಮೇಲೆ ಯಾರಾದರೊಬ್ಬರು ತಮ್ಮದೇ ಊರಿನ ತಂಡದ ಒಂದು ಹೆಸರು ಹೇಳ್ತಾರೆ. ಪಕ್ಕದ ಊರಿನವರಿಗೆ ಆ ಹೆಸರು ಗೊತ್ತಿರುವುದಿಲ್ಲ.

ನನಗೆ ಈ ಮೌನದ ಬಗ್ಗೆಯೇ ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು.

ಟಿವಿಯಲ್ಲಿ ಆಗೀಗ ನೋಡುವವರಿಗಾಗಿ ಮೊದಲು ಸ್ವಲ್ಪ ವಿವರ. ಕಬಡ್ಡಿ ಅಂಕಣದಲ್ಲಿ ಒಂದು ಕಡೆ ಏಳು ಜನ. ಎರಡು ತುದಿಯಲ್ಲಿ ನಿಲ್ಲುವವರು ಎಡ ಕಾರ್ನರ್, ಬಲ ಕಾರ್ನರ್. ಒಳಗಡೆ ಎಡ ಕವರ್, ಬಲ ಕವರ್. ಉಳಿದ ಮೂರು ಜಾಗದಲ್ಲಿ, ಅಂದರೆ ಎರಡು ‘ಇನ್’ ಮತ್ತು ನಡುವೆ, ಸಾಮಾನ್ಯವಾಗಿ ರೈಡರ್‌ಗಳು ನಿಂತುಕೊಳ್ತಾರೆ. ರೈಡ್ ಅಂದರೆ 30 ಸೆಕೆಂಡಿನ ಕೆಲಸ. ಹೋಗಬೇಕು, ಮುಟ್ಟಬೇಕು, ಇಲ್ಲವೇ ಬೋನಸ್ ಗೆರೆ ದಾಟಿ ಕಾಲಿಡಬೇಕು, ವಾಪಸ್ ಬರಬೇಕು. ಕಾರ್ನರ್‌ನವನ ಕೆಲಸ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅವನು ರೈಡರ್‌ನ ಪಾದ ನೋಡುತ್ತಾ ಇರಬೇಕು. ಬೋನಸ್‌ಗೆ ಕಾಲು ಚಾಚಿದ ಅರೆಕ್ಷಣದಲ್ಲಿ ಕೆಳಗೆ ಬಿದ್ದು ಪಾದ ಹಿಡಿಯಬೇಕು. ಹಿಡಿದ ಮೇಲೆ ಅವನ ಪಕ್ಕದ ಕವರ್ ಬಂದು ಮೈಮೇಲೆ ಬೀಳಬೇಕು. ಕವರ್ ಬರುವುದು ಒಂದು ಹೆಜ್ಜೆ ತಡವಾಯಿತೋ, ರೈಡರ್ ಕಾರ್ನರ್‌ನವನನ್ನು ಎಳೆದುಕೊಂಡೇ ನಡುಗೆರೆ ಮುಟ್ಟುತ್ತಾನೆ. ಔಟ್ ಆಗಿ ಹೊರಗೆ ಹೋಗುವವನು ಕಾರ್ನರ್. ಜನ ಹೇಳುವುದು, ‘ಬೇಡದ ಹಿಡಿತಕ್ಕೆ ಹೋದ’ ಅಂತ.

ಆಫೀಸಲ್ಲಿ ನನ್ನ ಟೀಮಿನ ಇಬ್ಬರು ಎನ್‌ಬಿಎ ಹುಚ್ಚರು. ಊಟಕ್ಕೆ ಕೂತರೆ ಬ್ಯಾಸ್ಕೆಟ್‌ಬಾಲ್. ಯಾವ ಪೊಸಿಷನ್‌ನಲ್ಲಿ ಪ್ರತಿಭೆ ಜಾಸ್ತಿ, ಗಾರ್ಡ್‌ಗಳಲ್ಲೋ ಸೆಂಟರ್‌ಗಳಲ್ಲೋ ಅಂತ ಅವರ ಜಗಳ. ಒಬ್ಬ ಹೇಳ್ತಾನೆ: 2021ರಿಂದ 2024ರವರೆಗೆ ನಾಲ್ಕು ವರ್ಷ ಎಂವಿಪಿ ಪ್ರಶಸ್ತಿ ಹೋದದ್ದು ಸೆಂಟರ್‌ಗಳಿಗೇ, ಯೋಕಿಚ್‌ಗೆ ಮೂರು ಸಲ, ಎಂಬೀಡ್‌ಗೆ ಒಂದು ಸಲ, ಹಾಗಾಗಿ ಇದು ಸೆಂಟರ್‌ಗಳ ಕಾಲ. ಇನ್ನೊಬ್ಬನ ವಾದ: ಆ ಇಬ್ಬರನ್ನು ಬಿಟ್ಟು ಕೆಳಗಿಳಿ. ಇಪ್ಪತ್ತನೇ ಗಾರ್ಡ್‌ನನ್ನೂ ಇಪ್ಪತ್ತನೇ ಸೆಂಟರ್‌ನನ್ನೂ ಅಕ್ಕಪಕ್ಕ ಇಡು. ಆವಾಗ ಹೇಳು.

ಎರಡನೆಯವನ ಮಾತು ನನ್ನ ತಲೆಯಲ್ಲಿ ಉಳಿಯಿತು. ಎತ್ತರ ಬೇರೆ, ಆಳ ಬೇರೆ. ಒಂದು ಜಾಗದಲ್ಲಿ ಅತ್ಯುತ್ತಮ ಯಾರು ಅನ್ನುವುದು ಎತ್ತರದ ಪ್ರಶ್ನೆ. ಅವನಿಲ್ಲದಿದ್ದರೆ ಮುಂದಿನವನು ಯಾರು, ಅವನೂ ಇಲ್ಲದಿದ್ದರೆ ಮೂರನೆಯವನು ಯಾರು, ಪ್ರತಿ ಮೆಟ್ಟಿಲಿಗೆ ತಂಡ ಎಷ್ಟು ಇಳಿಯುತ್ತದೆ ಅನ್ನುವುದು ಆಳದ ಪ್ರಶ್ನೆ. ಬಾವಿಯ ಕಟ್ಟೆ ಎಷ್ಟು ಚಂದ ಕಟ್ಟಿದ್ದಾರೆ ಅಂತ ನೋಡಿ ಯಾರೂ ಮಾರ್ಚ್ ತಿಂಗಳ ನೀರಿನ ಲೆಕ್ಕ ಹಾಕುವುದಿಲ್ಲ.

ಐಟಿಯವರಿಗೆ ಇದು ಹೊಸ ವಿಷಯ ಏನಲ್ಲ. ನಮ್ಮಲ್ಲಿ ‘ಬೆಂಚ್’ ಅಂದರೆ ಹೆದರಿಕೆ. ಪ್ರಾಜೆಕ್ಟ್ ಇಲ್ಲ, ನಾಳೆ ಎಚ್‌ಆರ್ ಕರೆಯಬಹುದು ಅಂತ ಅರ್ಥ. ಕಬಡ್ಡಿಯಲ್ಲಿ ಬೆಂಚ್ ಅಂದರೆ ಬಲ. ಆದರೆ ನಮ್ಮಲ್ಲೂ ಒಂದು ಪ್ರಶ್ನೆ ಇದ್ದೇ ಇದೆ: ಈ ಒಬ್ಬ ಮನುಷ್ಯ ನಾಳೆ ಕೆಲಸ ಬಿಟ್ಟರೆ ಯಾವ ಸಿಸ್ಟಮ್ ನಿಲ್ಲುತ್ತದೆ? ಹೊಸ ಫೀಚರ್ ಬರೆಯುವವರು ಹತ್ತು ಜನ ಸಿಗ್ತಾರೆ. ರಾತ್ರಿ ಎರಡು ಗಂಟೆಗೆ ಓಡುವ ಹಳೇ ಬ್ಯಾಚ್ ಜಾಬ್ ನಿಂತರೆ ಅದನ್ನು ಎಬ್ಬಿಸುವವನು ಒಬ್ಬನೇ. ಅಪ್ರೈಸಲ್ಲಿನಲ್ಲಿ ಅವನ ಹೆಸರು ಮೇಲೆ ಬರುವುದು ನಾನಂತೂ ಕಡಿಮೆ ನೋಡಿದ್ದೇನೆ.

ಕಬಡ್ಡಿಗೆ ಈ ಅಳತೆ ಹಿಡಿದು ನೋಡೋಣ. 2018ರ ಪ್ರೊ ಕಬಡ್ಡಿ ಹರಾಜಿನಲ್ಲಿ ಮೊದಲ ಬಾರಿಗೆ ಆಟಗಾರರ ಬೆಲೆ ಕೋಟಿ ಮುಟ್ಟಿತು. ಆ ವರ್ಷ ಕೋಟಿ ಮುಟ್ಟಿದವರು ಆರು ಜನ: ಮೋನು ಗೋಯತ್ 1.51 ಕೋಟಿ, ರಾಹುಲ್ ಚೌಧರಿ 1.29 ಕೋಟಿ, ದೀಪಕ್ ಹೂಡಾ ಮತ್ತು ನಿತಿನ್ ತೋಮರ್ ತಲಾ 1.15 ಕೋಟಿ, ರಿಶಾಂಕ್ ದೇವಾಡಿಗ 1.11 ಕೋಟಿ, ಫಜಲ್ ಅತ್ರಾಚಲಿ 1 ಕೋಟಿ. ಇದರಲ್ಲಿ ನಾಲ್ಕು ಜನ ರೈಡರ್‌ಗಳು. ಹೂಡಾ ಆಲ್‌ರೌಂಡರ್. ಬರೀ ಹಿಡಿತಕ್ಕೆ ಅಂತ ಕೋಟಿ ಸಿಕ್ಕಿದ್ದು ಒಬ್ಬರಿಗೆ, ಎಡ ಕಾರ್ನರ್ ಫಜಲ್‌ಗೆ. ಅವರು ಇರಾನಿನವರು.

ಕಬಡ್ಡಿ ನಮ್ಮದು ಅಂತ ಎದೆ ತಟ್ಟಿಕೊಳ್ಳುವ ದೇಶದಲ್ಲಿ ಅಷ್ಟು ಬೆಲೆಯ ಕಾರ್ನರ್ ಬೇಕಾದಾಗ ಹೊರಗೆ ನೋಡಬೇಕಾಯಿತು. ಅದಾದ ಮೇಲೂ ಇದು ನಿಲ್ಲಲಿಲ್ಲ. ಹತ್ತನೇ ಸೀಸನ್ನಿಗೆ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟದ್ದು ಮೊಹಮ್ಮದ್‌ರೆಜಾ ಶಾದ್ಲೂಯಿಗೆ. ಅವರೂ ಇರಾನಿನವರು, ಅವರದೂ ಎಡ ಕಾರ್ನರ್.

ಹಾಗಾದರೆ ನಮ್ಮಲ್ಲಿ ಹಿಡಿಯುವವರೇ ಇಲ್ಲವಾ? ಇದ್ದಾರೆ. ಒಳ್ಳೆಯವರೇ ಇದ್ದಾರೆ. ಆದರೆ ರೈಡರ್‌ಗಳ ಸಾಲಿನಲ್ಲಿ ಹಿಂದೆ ನಿಂತವರಷ್ಟು ಜನ ಕಾರ್ನರ್‌ಗಳ ಸಾಲಿನಲ್ಲಿ ಇಲ್ಲ. ಅದಕ್ಕೆ ಕಾರಣ ನಮ್ಮ ಹುಡುಗರ ಮೈಯಲ್ಲಿ ಇಲ್ಲ. ನಾವು ಆಟವನ್ನು ಎಣಿಸುವ ರೀತಿಯಲ್ಲಿ ಇದೆ ಅಂತ ನನಗೆ ಅನ್ನಿಸುವುದು.

ಒಂದು ರೈಡಿನಲ್ಲಿ ಮೂವರನ್ನು ಮುಟ್ಟಿ ಬಂದರೆ ರೈಡರ್‌ಗೆ ಮೂರು ಅಂಕ. ಯಾರನ್ನೂ ಮುಟ್ಟದೆ ಬೋನಸ್ ತಂದರೂ ಒಂದು ಅಂಕ. ಒಬ್ಬ ರೈಡರ್‌ನನ್ನು ನಾಲ್ಕು ಜನ ಸೇರಿ ಉರುಳಿಸಿದರೆ ತಂಡಕ್ಕೆ ಒಂದೇ ಅಂಕ. ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದು ಸೂಪರ್ ಟ್ಯಾಕಲ್ ಆದರೆ ಮಾತ್ರ ಎರಡು. ಆ ಒಂದು ಅಂಕ ಸಾಮಾನ್ಯವಾಗಿ ಮೊದಲು ಹಿಡಿದವನ ಹೆಸರಿಗೆ ಹೋಗುತ್ತದೆ. ಸರಿಯಾದ ಸಮಯಕ್ಕೆ ಬಂದು ಬಿದ್ದವನ ಹೆಸರು ಲೆಕ್ಕದಲ್ಲಿ ಇರುವುದಿಲ್ಲ. ಇನ್ನು, ಎದುರಿನವ ಬೋನಸ್‌ಗೆ ಕಾಲಿಡಲು ಹೆದರಿ ಖಾಲಿ ಕೈಯಲ್ಲಿ ವಾಪಸ್ ಹೋದ ಅಂತ ಇಟ್ಟುಕೊಳ್ಳಿ. ಹಾಗೆ ಹೆದರಿಸಿದ ಕಾರ್ನರ್‌ಗೆ ಏನು ಸಿಕ್ಕಿತು? ಸೊನ್ನೆ. ಟಿವಿಯಲ್ಲಿ ಹತ್ತು ರೈಡ್ ಪಾಯಿಂಟಿಗೆ ‘ಸೂಪರ್ 10’, ಐದು ಟ್ಯಾಕಲ್ ಪಾಯಿಂಟಿಗೆ ‘ಹೈ 5’. ಅಂದರೆ ಲೀಗೇ ಒಪ್ಪಿಕೊಂಡ ಹಾಗೆ ಆಯಿತು, ಹಿಡಿಯುವವನ ಐದು ರೈಡರ್‌ನ ಹತ್ತಕ್ಕೆ ಸಮ ಅಂತ. ಬೆಲೆಪಟ್ಟಿಯಲ್ಲಿ ಆ ಸಮ ಕಾಣುವುದು ಅಪರೂಪ.

ಕಲಿಯುವುದರಲ್ಲೂ ವ್ಯತ್ಯಾಸ ಉಂಟು. ರೈಡ್ ಅನ್ನು ಒಬ್ಬನೇ ಅಭ್ಯಾಸ ಮಾಡಬಹುದು. ನಮ್ಮ ಕಡೆ ಶಾಲೆ ಬಿಟ್ಟು ಬರುವ ಹುಡುಗ ಅಂಗಳದಲ್ಲಿ ಕಾಲು ಚಾಚುತ್ತಾ, ತಿರುಗುತ್ತಾ ಇರುತ್ತಾನೆ. ಅವನ ತಲೆಯಲ್ಲಿ ಪರ್ದೀಪ್ ನರ್ವಾಲ್ ಡುಬ್ಕಿ ಹೊಡೆಯುತ್ತಾ ಇರುತ್ತಾರೆ. ಕಾರ್ನರ್ ಒಬ್ಬನೇ ಕಲಿಯುವ ವಿದ್ಯೆ ಅಲ್ಲ. ಓಡುವ ಕಾಲು ಬೇಕು, ಪಕ್ಕದಲ್ಲಿ ಕವರ್ ಬೇಕು, ಅವರಿಬ್ಬರ ನಡುವೆ ಮಾತಿಲ್ಲದ ಒಪ್ಪಂದ ಬೇಕು. ಹೊಸ ರೈಡರ್‌ನನ್ನು ಸಂಜೆ ಕರೆಸಿ ರಾತ್ರಿ ಆಡಿಸಬಹುದು, ನಾಲ್ಕು ಅಂಕ ತಂದೇ ತರುತ್ತಾನೆ. ಹೊಸ ಕಾರ್ನರ್‌ನನ್ನು ಕರೆಸಿದರೆ ಅವನಿಗೂ ಕವರ್‌ಗೂ ಹೊಂದುವಷ್ಟರಲ್ಲಿ ಸೆಮಿಫೈನಲ್ ಮುಗಿದಿರುತ್ತದೆ. ಹಾಗಾಗಿ ಕಾರ್ನರ್‌ಗಳನ್ನು ತಲೆ ಎಣಿಸಿ ಲೆಕ್ಕ ಮಾಡಿದರೆ ಸಾಲದು, ಜೋಡಿ ಎಣಿಸಬೇಕು. ಊರಲ್ಲಿ ನಾಲ್ಕು ಕಾರ್ನರ್ ಇದ್ದೂ ಒಂದೂ ಜೋಡಿ ಇಲ್ಲದಿರಬಹುದು.

ಇದನ್ನೆಲ್ಲ ನನಗೆ ಅಂಕಿಸಂಖ್ಯೆಗಿಂತ ಮೊದಲು ಹೇಳಿದ್ದು ನನ್ನ ದೊಡ್ಡಪ್ಪನ ಮಗ. ಸುಳ್ಯ, ಕಡಬದ ನಡುವೆ ಹೊನಲು ಬೆಳಕಿನ ಪಂದ್ಯಾಟ ಎಲ್ಲಿದ್ದರೂ ನಮ್ಮ ಊರಿನ ತಂಡದಲ್ಲಿ ಎಡ ಕಾರ್ನರ್ ಅವನೇ. ಜಾತ್ರೆ ಮುಗಿದ ಗದ್ದೆಯಲ್ಲಿ ಮ್ಯಾಟ್ ಹಾಸಿ, ಲೈಟ್ ಕಟ್ಟಿ, ಮೈಕಿನಲ್ಲಿ ವೀಕ್ಷಕ ವಿವರಣೆ, ಬದಿಯಲ್ಲಿ ಚರುಂಬುರಿ, ಗೋಳಿಬಜೆ. ಬೆಳಗ್ಗಿನ ಜಾವ ಫೈನಲ್. ಕೊನೆಗೆ ಬಹುಮಾನ: ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ. ಅಣ್ಣನ ಮನೆಯ ಶೋಕೇಸಿನಲ್ಲಿ ಉತ್ತಮ ಹಿಡಿತಗಾರನ ಕಪ್ಪುಗಳು ಸಾಲಾಗಿ ಇದ್ದಾವೆ.

ಒಂದು ಸಲ ಅವನಲ್ಲಿ ಕೇಳಿದೆ, “ಅಣ್ಣ, ಹೊರಗಿನ ತಂಡದವರು ಕರೆದರೆ ನಿನಗೆ ಎಷ್ಟು ಕೊಡ್ತಾರೆ?”

“ಎಂತ ಕೊಡುದು ಮಾರಾಯ. ರೈಡರ್‌ಗೆ ಮಾತಾಡಿಯೇ ಕರೆದುಕೊಂಡು ಬರ್ತಾರೆ. ನನಗೆ ಬಸ್ಸಿನ ದುಡ್ಡು, ಊಟ. ಗೆದ್ದರೆ ಮತ್ತೆ ನೋಡುವ ಅಂತಾರೆ.”

“ನೀನು ಕೇಳುದಿಲ್ವಾ?”

“ಕೇಳಿದರೆ ಬೇರೆ ಯಾರನ್ನಾದ್ರೂ ನಿಲ್ಲಿಸ್ತಾರೆ. ಕಾರ್ನರಲ್ಲಿ ಯಾರು ನಿಂತರೂ ಆಗ್ತದೆ ಅಂತ ಅವರ ಲೆಕ್ಕ. ಹತ್ತು ನಿಮಿಷ ಕಳೆದ ಮೇಲೆ ಗೊತ್ತಾಗುದು, ಆಗುದಿಲ್ಲ ಅಂತ.”

ಆ ಹತ್ತು ನಿಮಿಷದ ಪಾಠ ನಮ್ಮ ದೇಶಕ್ಕೂ ಆಗಿದೆ. ಏಷ್ಯನ್ ಗೇಮ್ಸ್‌ಗೆ ಕಬಡ್ಡಿ ಬಂದದ್ದು 1990ರಲ್ಲಿ. ಅಲ್ಲಿಂದ 2014ರವರೆಗೆ ಪುರುಷರ ಚಿನ್ನ ಭಾರತ ಬಿಟ್ಟು ಬೇರೆಯವರಿಗೆ ಹೋಗಲೇ ಇಲ್ಲ. 2018ರಲ್ಲಿ ಜಕಾರ್ತಾಕ್ಕೆ ಹೋದ ನಮ್ಮ ಹನ್ನೆರಡು ಜನರಲ್ಲಿ ಅಜಯ್ ಠಾಕೂರ್, ಪರ್ದೀಪ್ ನರ್ವಾಲ್, ರಾಹುಲ್ ಚೌಧರಿ, ಮೋನು ಗೋಯತ್, ರೋಹಿತ್ ಕುಮಾರ್, ರಿಶಾಂಕ್ ದೇವಾಡಿಗ ಇದ್ದರು. ಒಬ್ಬರಿಗಿಂತ ಒಬ್ಬರು ದೊಡ್ಡ ರೈಡರ್. ಸೆಮಿಫೈನಲ್‌ನಲ್ಲಿ ಎದುರಿಗೆ ಇರಾನ್, ಅವರ ಕಡೆ ಫಜಲ್ ಅತ್ರಾಚಲಿ. ಸ್ಕೋರ್ 18-27. ಇಷ್ಟು ರೈಡರ್‌ಗಳಿದ್ದ ತಂಡ ನಲವತ್ತು ನಿಮಿಷದಲ್ಲಿ ತಂದದ್ದು 18 ಅಂಕ. ಅಜಯ್ ಠಾಕೂರ್ ಗಾಯಗೊಂಡು ಹೊರಗೆ ಕೂತದ್ದೂ ಪೆಟ್ಟಾಯಿತು, ನಿಜ. ಆದರೆ ಒಂದೇ ಜಾಗಕ್ಕೆ ಸಾಲುಗಟ್ಟಿ ಜನ ಇದ್ದರೂ ಅದು ಇನ್ನೊಂದು ಜಾಗದ ಕೊರತೆಯನ್ನು ತುಂಬುವುದಿಲ್ಲ ಅನ್ನುವುದು ಆ ದಿನ ಕಂಡಿತು. ಮರುದಿನ ಮಹಿಳೆಯರೂ ಫೈನಲ್‌ನಲ್ಲಿ ಇರಾನ್‌ಗೆ 24-27ರಲ್ಲಿ ಸೋತರು. ಎರಡೂ ಚಿನ್ನ ವಾಪಸ್ ಬಂದದ್ದು ಐದು ವರ್ಷ ಕಳೆದು, 2023ರಲ್ಲಿ, ಹಾಂಗ್‌ಝೌನಲ್ಲಿ.

ಇದಕ್ಕೆ ಉಲ್ಟಾ ಉದಾಹರಣೆ ಬೇಕಿದ್ದರೆ ಪುಣೇರಿ ಪಲ್ಟನ್‌ನ ಹತ್ತನೇ ಸೀಸನ್ ನೋಡಿ. ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್, ಅರ್ಜುನ ಪ್ರಶಸ್ತಿ ಪಡೆದವರು. ಅದಕ್ಕೂ ಮೊದಲು, ಏಳನೇ ಸೀಸನ್‌ನಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಕಪ್ ಗೆಲ್ಲಿಸಿಕೊಟ್ಟವರು. ಆ ಸೀಸನ್ ಅತಿ ಹೆಚ್ಚು ರೈಡ್ ಅಂಕ ತೆಗೆದವರು ಪುಣೇರಿಯವರಲ್ಲ, ಡೆಲ್ಲಿಯ ಆಶು ಮಲಿಕ್. ಪುಣೇರಿಯಲ್ಲಿ ಅಸ್ಲಂ ಇನಾಮ್ದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ರೈಡ್ ಹಂಚಿಕೊಂಡರು. ಎಡ ಕಾರ್ನರ್‌ನಲ್ಲಿ ಶಾದ್ಲೂಯಿ. 2024ರ ಮಾರ್ಚ್ 1ರಂದು ಹರಿಯಾಣ ಸ್ಟೀಲರ್ಸ್ ವಿರುದ್ಧ 28-25ರಲ್ಲಿ ಗೆದ್ದು ಕಪ್ ಎತ್ತಿದರು. ಫೈನಲ್‌ನ ಸ್ಕೋರೇ ಹೇಳುತ್ತದೆ, ಅದು ಹಿಡಿಯುವವರ ಪಂದ್ಯ ಅಂತ.

ರೈಡರ್‌ಗಳಿಗೆ ಕೊಡುವ ದುಡ್ಡು ಸುಮ್ಮನೆ ಅಂತ ನಾನು ಹೇಳುತ್ತಿಲ್ಲ. ಏಳು ಜನರ ನಡುವೆ ಒಬ್ಬನೇ ಹೋಗುವ ಧೈರ್ಯಕ್ಕೆ ಬೆಲೆ ಇದ್ದೇ ಇದೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಕಪ್ ಗೆದ್ದ ರಾತ್ರಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ತಂಡದ ಒಟ್ಟು 38. ಅಂಥ ರಾತ್ರಿ ಕಾರ್ನರ್‌ನಿಂದ ಬರುವುದಿಲ್ಲ. ಜನ ಟಿಕೆಟ್ ತೆಗೆದು ಬರುವುದೂ ಅದಕ್ಕೇ. ಎತ್ತರಕ್ಕೆ ದುಡ್ಡು ಕೊಡಬೇಕು. ಆದರೆ ಎತ್ತರಕ್ಕೆ ಮಾತ್ರ ಕೊಡುತ್ತಾ ಹೋದರೆ ಹತ್ತನೇ ಕ್ಲಾಸಿನ ಹುಡುಗ ಯಾಕೆ ಕೆಳಗೆ ಬಿದ್ದು ಪಾದ ಹಿಡಿಯುವುದನ್ನು ಕಲಿಯಬೇಕು? ಅವನಿಗೂ ಲೆಕ್ಕ ಬರುತ್ತದೆ. ಅವನೂ ರೈಡರ್ ಆಗ್ತಾನೆ. ಆ ಸಾಲು ಇನ್ನೂ ಉದ್ದ ಆಗುತ್ತದೆ, ಈ ಸಾಲು ಇನ್ನೂ ಗಿಡ್ಡ.

ನನ್ನ ಊರಿನ ತಂಡದಲ್ಲಿ ಇದು ಹೇಗೆ ಆಯಿತು ಅಂದರೆ, ಎರಡು ವರ್ಷದ ಹಿಂದೆ ಅಣ್ಣನ ಮೊಣಕಾಲು ಹೋಯಿತು. ಹೊರಗಿನ ಒಂದು ತಂಡಕ್ಕೆ ಆಡುತ್ತಿದ್ದಾಗ ರೈಡರ್‌ನ ಪಾದ ಹಿಡಿದ, ಕವರ್‌ನವ ಬಂದು ಬಿದ್ದದ್ದು ಅಣ್ಣನ ಕಾಲಿನ ಮೇಲೆ. ಲಿಗಮೆಂಟ್ ಹರಿಯಿತು. ಆಪರೇಷನ್ ಆಯಿತು. ಆ ತಂಡದವರು ಒಂದು ಸಲ ಫೋನ್ ಮಾಡಿ ವಿಚಾರಿಸಿದರು. ಖರ್ಚು ಮನೆಯದ್ದೇ. ನನ್ನ ಕಂಪನಿಯ ಇನ್ಶೂರೆನ್ಸಿನಲ್ಲಿ ದೊಡ್ಡಪ್ಪನ ಮಗ ಬರುವುದಿಲ್ಲ. ಊರಿನ ಹುಡುಗರು ಸೇರಿ ಸ್ವಲ್ಪ ಒಟ್ಟು ಮಾಡಿದರು, ನಾನೂ ಹಾಕಿದೆ.

ಆ ವರ್ಷ ನಮ್ಮ ತಂಡಕ್ಕೆ ಎಡ ಕಾರ್ನರ್ ಇರಲಿಲ್ಲ. ರೈಡರ್‌ಗಳು ಐದು ಜನ ಇದ್ದರು, ಒಬ್ಬ ಬೆಂಗಳೂರಿಂದ ಶನಿವಾರ ಬಂದು ಆದಿತ್ಯವಾರ ರಾತ್ರಿ ಬಸ್ಸಿಗೆ ವಾಪಸ್ ಹೋಗುವವನೂ ಸೇರಿ. ಒಬ್ಬ ರೈಡರ್‌ನನ್ನೇ ಕಾರ್ನರಲ್ಲಿ ನಿಲ್ಲಿಸಿದರು. ಅವನು ಪಾದ ನೋಡುವುದು ಬಿಟ್ಟು ಮುಖ ನೋಡುತ್ತಾ ನಿಂತ. ಮೊದಲ ಸುತ್ತಿನಲ್ಲೇ ಸೋತರು, ಒಂದೇ ಪಂದ್ಯಾಟದಲ್ಲಿ ಅಲ್ಲ, ಆ ಸೀಸನ್ ಆಡಿದ ಎಲ್ಲದರಲ್ಲೂ.

ಇನ್ನೊಂದು ಕೊರತೆ ಜೂನ್ ತಿಂಗಳಲ್ಲಿ ಗೊತ್ತಾಯಿತು. ಅಣ್ಣ ಕಬಡ್ಡಿ ಆಡುವುದು ರಾತ್ರಿ. ಹಗಲು ಅವನು ಅಡಿಕೆ ಮರ ಹತ್ತುವವನು. ನಮ್ಮದೂ ಸೇರಿ ಅಕ್ಕಪಕ್ಕದ ತೋಟಗಳಿಗೆಲ್ಲ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವುದು ಅವನೇ. ಮಳೆ ಹಿಡಿಯುವ ಮೊದಲು ಒಂದು ಸಲ ಬಿಡಬೇಕು, ಮಳೆ ನಡುವೆ ಬಿಸಿಲು ನೋಡಿ ಇನ್ನೊಂದು ಸಲ. ಎಲ್ಲಾ ತೋಟಕ್ಕೂ ಬೇಕಾಗುವುದು ಅದೇ ನಾಲ್ಕು ದಿನದ ಬಿಸಿಲು. ಅಪ್ಪ ಫೋನಿನಲ್ಲಿ ಹೇಳಿದ್ದು, “ಹತ್ತುವವರು ಊರಲ್ಲಿ ಒಬ್ಬನೇ ಇದ್ದದ್ದು ಅಂತ ಈಗ ಗೊತ್ತಾಯ್ತು ನೋಡು.” ಕಾಯಿ ಹೆಕ್ಕುವವರು, ಸುಲಿಯುವವರು, ಗೊಬ್ಬರ ಹೊರುವವರು ಹೇಗೋ ಸಿಗ್ತಾರೆ. ಮರದ ತುದಿಯ ಜಾಗಕ್ಕೆ ಎರಡನೆಯವ ಇಲ್ಲ. ನಾವೆಲ್ಲ ಬಿಇ ಮಾಡಿ ಘಟ್ಟ ಹತ್ತಿದವರು.

ಅಡಿಕೆಯವರಿಗೆ ಈ ಕೊರತೆ ಮೊದಲೇ ಅರ್ಥವಾಗಿದೆ. ಅದಕ್ಕೇ ವಿಟ್ಲದ ಸಿಪಿಸಿಆರ್‌ಐಯಲ್ಲಿ ಮರ ಹತ್ತುವ ತರಬೇತಿ ಶಿಬಿರ ಮಾಡಿದರು. ಕೆಳಗೆ ನಿಂತೇ ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಬಂತು. ಈಗ ಹಲವು ತೋಟಗಳಲ್ಲಿ ಅದೇ. ಅಂದರೆ ಎರಡನೆಯವ ಇಲ್ಲ ಅಂತ ಒಪ್ಪಿಕೊಂಡ ಮೇಲೆ ಯಾರೋ ದುಡ್ಡು ಹಾಕಿದರು, ಯಾರೋ ಕಲಿಸಿದರು. ಕಾರ್ನರ್‌ಗೆ ದೋಟಿ ಇಲ್ಲ. ಅಲ್ಲಿ ಹುಡುಗರನ್ನೇ ತಯಾರು ಮಾಡಬೇಕು.

ಅದು ಅಷ್ಟೇನೂ ದೊಡ್ಡ ಕೆಲಸ ಅಲ್ಲ. ಪಂದ್ಯಾಟ ಮಾಡುವವರು ಉತ್ತಮ ಹಿಡಿತಗಾರ ಅಂತ ಒಬ್ಬನಿಗೆ ಕೊಡುವ ಬದಲು ಕಾರ್ನರ್ ಮತ್ತು ಕವರ್ ಜೋಡಿಗೆ ಕೊಡಬಹುದು. ಎರಡು ಕಪ್ಪಿನ ಖರ್ಚು ಎಷ್ಟು? ಹೊರಗಿನಿಂದ ಕರೆಸುವಾಗ ರೈಡರ್‌ಗೂ ಕಾರ್ನರ್‌ಗೂ ಒಂದೇ ದರ ಅಂತ ಮಾಡಬಹುದು. ಆಡುವ ಅಷ್ಟೂ ಜನರಿಗೆ ಅಪಘಾತ ವಿಮೆ ಮಾಡಿಸಿ ಆಮೇಲೆ ಸೌಂಡ್ ಸಿಸ್ಟಮ್‌ಗೆ ದುಡ್ಡು ಇಡಬಹುದು. ಬೆಂಗಳೂರಲ್ಲಿ ಕೂತು ಊರಿನ ಪಂದ್ಯಾಟಕ್ಕೆ ಯುಪಿಐ ಮಾಡುವ ನಮ್ಮಂಥವರು ಬ್ಯಾನರಿನಲ್ಲಿ ಫೋಟೋ ಬರಲಿ ಅಂತ ಕೇಳುವ ಬದಲು ಈ ವಿಮೆಯ ಪೇಪರ್ ಕೇಳಬಹುದು. ನಾನು ಹೋದ ವರ್ಷದಿಂದ ಅದನ್ನೇ ಕೇಳುತ್ತಾ ಇದ್ದೇನೆ. ಒಂದು ಕಡೆಯಿಂದ ಪೇಪರ್ ಬಂತು, ಇನ್ನೊಂದು ಕಡೆಯಿಂದ ‘ನೋಡುವ’ ಅಂತ ಬಂತು.

ಅಣ್ಣ ಈಗ ಆಡುವುದಿಲ್ಲ. ಮರಕ್ಕೂ ಹತ್ತುವುದಿಲ್ಲ, ದೋಟಿ ಹಿಡಿದು ಕೆಳಗೆ ನಿಲ್ಲುತ್ತಾನೆ. ಅಡಿಕೆ ಒಣಗಿಸಿ ಖಾಲಿಯಾದ ಅಂಗಳದಲ್ಲಿ ಸಂಜೆ ಊರಿನ ಏಳೆಂಟು ಹುಡುಗರು ಸೇರ್ತಾರೆ. ಎಲ್ಲರಿಗೂ ರೈಡರ್ ಆಗಬೇಕು. ಅಣ್ಣ ಒಂದು ಷರತ್ತು ಹಾಕಿದ್ದಾನೆ: ಮೊದಲು ಇಬ್ಬಿಬ್ಬರಾಗಿ ಇಪ್ಪತ್ತು ಸಲ ಹಿಡಿಯಬೇಕು, ಆಮೇಲೆ ಒಂದು ರೈಡ್. ಜೋಡಿ ವಾರಕ್ಕೊಮ್ಮೆ ಬದಲು. ಯಾರು ಯಾರ ಜೊತೆ ಹೊಂದುತ್ತಾರೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಕಳೆದ ಸಲ ಊರಿಗೆ ಹೋದಾಗ ಆ ಪುಸ್ತಕ ನೋಡಿದೆ. ಎಡ ಕಾರ್ನರ್ ಅಂತ ಬರೆದ ಕೆಳಗೆ ಮೂರು ಹೆಸರು ಇದ್ದವು.